ಸಮುದ್ರದ ಹತ್ತಿರ ಮನೆ, ಎಂಟೇ ತಿಂಗಳಿಗೆ ಸ್ಟೀಲ್ ರೇಲಿಂಗ್‌ಗೆ ತುಕ್ಕು. 202, 304, 316 ಅಂದರೆ ಏನು?

ಕಡಲತಡಿ ಮನೆ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಂದಾಪುರದ ಹತ್ತಿರ. ಸಮುದ್ರಕ್ಕೆ ನಡೆದರೆ ಐದು ನಿಮಿಷ. ಕಳೆದ ವರ್ಷ ಮಹಡಿ ಎಬ್ಬಿಸಿದಾಗ ಬಾಲ್ಕನಿಗೂ ಹೊರಗಿನ ಮೆಟ್ಟಿಲಿಗೂ ಸ್ಟೀಲ್ ರೇಲಿಂಗ್ ಹಾಕಿಸಿದೆವು. ಹಳೇ ಕಬ್ಬಿಣದ ಗ್ರಿಲ್ಲಿಗೆ ವರ್ಷ ವರ್ಷ ಪೇಂಟ್ ಹೊಡೆದು ಅಪ್ಪನಿಗೆ ಸಾಕಾಗಿತ್ತು. "ಈ ಸಲ ಸ್ಟೀಲೇ ಆಗಲಿ, ದುಡ್ಡು ಹೋದರೆ ಹೋಗಲಿ" ಅಂದರು.

ಎಂಟು ತಿಂಗಳಾಯಿತು. ಈಗ ವೆಲ್ಡಿಂಗ್ ಮಾಡಿದ ಜಾಗದಲ್ಲೆಲ್ಲ ಕಂದು ಕಲೆ. ಕಾಫಿ ಡಿಕಾಕ್ಷನ್ ಸೋರಿದ ಹಾಗೆ ಬಿಳಿ ಗೋಡೆ ಮೇಲೆ ಗೆರೆ ಇಳಿದಿದೆ. ಬೆರಳಲ್ಲಿ ಉಜ್ಜಿದರೆ ಬೆರಳಿಗೆ ಬಣ್ಣ ಹತ್ತುತ್ತದೆ. ಹಾಕಿಕೊಟ್ಟವರು "ಇದು ಪಕ್ಕಾ 304, ಬೇಕಾದರೆ ನೋಡಿ" ಅಂತ ಅವತ್ತೇ ಆಯಸ್ಕಾಂತ ಇಟ್ಟು ತೋರಿಸಿದ್ದರು. ಅಂಟಲಿಲ್ಲ. ನಾವೂ ನಂಬಿದೆವು. ಬಿಲ್ಲಿನಲ್ಲಿ ಇರುವುದು "ಎಸ್‌ಎಸ್ ಪೈಪ್ ರೇಲಿಂಗ್" ಅಂತ ಅಷ್ಟೇ.

ಒಂದು ಸಂಗತಿ ಮಾತ್ರ ನನಗೆ ಅರ್ಥ ಆಗುತ್ತಿಲ್ಲ. ಮಳೆ ನೇರ ಹೊಡೆಯುವ ಹೊರಗಿನ ಮೆಟ್ಟಿಲಿನ ರೇಲಿಂಗ್ ಸುಮಾರಾಗಿ ಚೆನ್ನಾಗಿದೆ. ಸಜ್ಜಾ ಕೆಳಗೆ ಒಂದು ಹನಿಯೂ ಬೀಳದ ಬಾಲ್ಕನಿ ರೇಲಿಂಗೇ ಜಾಸ್ತಿ ಹಾಳಾಗಿದೆ. ನೀರು ತಾಗಿದ್ದು ಚೆನ್ನಾಗಿದ್ದು, ತಾಗದ್ದು ತುಕ್ಕು ಹಿಡಿಯುವುದು ಹೇಗೆ?

ಪೀಣ್ಯದ ವೆಲ್ಡರ್ · ಭಾನುವಾರ ಮಧ್ಯಾಹ್ನ

ಅಣ್ಣ, ನಾನು 22 ವರ್ಷದಿಂದ ಆರ್ಗಾನ್ ವೆಲ್ಡಿಂಗ್ ಮಾಡುತ್ತಿದ್ದೇನೆ. ನಿಮ್ಮ ಕೊನೆ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ.

ತುಕ್ಕು ಬರಿಸಿದ್ದು ಮಳೆ ನೀರಲ್ಲ, ಉಪ್ಪು. ಸಮುದ್ರದ ಗಾಳಿ ಸಣ್ಣ ಸಣ್ಣ ಉಪ್ಪಿನ ಹನಿ ತಂದು ಪೈಪ್ ಮೇಲೆ ಕೂರಿಸುತ್ತದೆ. ಮೆಟ್ಟಿಲಿನ ಕಡೆ ಬಿದ್ದ ಉಪ್ಪನ್ನು ಮಳೆ ತೊಳೆದುಬಿಡುತ್ತದೆ. ಸಜ್ಜಾ ಕೆಳಗಿನದನ್ನು ಯಾರೂ ತೊಳೆಯಲ್ಲ. ರಾತ್ರಿ ತೇವಕ್ಕೆ ಕರಗುತ್ತದೆ, ಹಗಲು ಒಣಗಿ ಇನ್ನೂ ಗಟ್ಟಿಯಾಗುತ್ತದೆ. ದಿನಾ ಇದೇ. ಬಾಲ್ಕನಿ ಪೈಪನ್ನು ನಾಲಿಗೆ ತುದಿಗೆ ತಾಗಿಸಿ ನೋಡಿ, ಉಪ್ಪುಪ್ಪಾಗಿರುತ್ತದೆ.

ಆಯಸ್ಕಾಂತದ ವಿಷಯ. ಈ ಒಂದು ನಂಬಿಕೆಯಿಂದ ಎಷ್ಟು ಮನೆಯವರು ಮೋಸ ಹೋಗಿದ್ದಾರೋ ಲೆಕ್ಕ ಇಲ್ಲ. 304ಕ್ಕೂ ಅಂಟಲ್ಲ, 202ಕ್ಕೂ ಅಂಟಲ್ಲ, ಅದಕ್ಕಿಂತ ಕಡಿಮೆ ದರ್ಜೆಯ ಜೆ4ಗೂ ಅಂಟಲ್ಲ. ಹಾಗಾಗಿ ಅಂಟಲಿಲ್ಲ ಅಂದ ಮಾತ್ರಕ್ಕೆ 304 ಅಂತ ಅಲ್ಲ. ರೇಲಿಂಗ್ ಮಾರ್ಕೆಟ್ಟಿನಲ್ಲಿ 202 ಮತ್ತು ಜೆ4 ಪೈಪ್ ಧಾರಾಳವಾಗಿ ಓಡುತ್ತವೆ. ಬಫಿಂಗ್ ಆದ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟರೆ ನನಗೇ ಕಣ್ಣಲ್ಲಿ ಗೊತ್ತಾಗಲ್ಲ.

ಟೆಸ್ಟಿಂಗ್ ಲಿಕ್ವಿಡ್ ಸಿಗುತ್ತದೆ, ತರಿಸಿ. ಪೈಪನ್ನು ಒರೆಸಿ ಒಂದು ಹನಿ ಹಾಕಬೇಕು. 9 ವೋಲ್ಟ್ ಬ್ಯಾಟರಿಯ ಒಂದು ತುದಿ ಪೈಪಿಗೆ, ಇನ್ನೊಂದು ಆ ಹನಿಗೆ. ಕೆಲವೇ ಸೆಕೆಂಡಿನಲ್ಲಿ ಹನಿ ಕೆಂಪಾದರೆ ಮ್ಯಾಂಗನೀಸ್ ಜಾಸ್ತಿ ಇದೆ, ಅಂದರೆ 200ರ ಸಾಲಿನ ಮಾಲು. ಕೆಂಪಾಗದಿದ್ದರೆ 304 ಆಗಿರಬಹುದು.

ಇನ್ನೊಂದು ಕೇಳಬೇಕು. ರೇಲಿಂಗ್ ಕೂರಿಸಿದ ಮೇಲೆ ಟೈಲ್ಸ್‌ಗೆ ಆಸಿಡ್ ಹಾಕಿ ತೊಳೆದರಾ?

ಕಡಲತಡಿ ಮನೆ · ಭಾನುವಾರ ಸಂಜೆ

ಹೌದು! ಗೃಹಪ್ರವೇಶದ ಹಿಂದಿನ ದಿನ. ಸಿಮೆಂಟ್ ಕಲೆ ಹೋಗಲಿ ಅಂತ ಬಾಲ್ಕನಿಗೆಲ್ಲ ಆಸಿಡ್ ಸುರಿದು ಉಜ್ಜಿದರು. ಹೊಗೆ ಎದ್ದು ಕಣ್ಣುರಿ ಬಂದಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಲ್ಯಾಬ್ ಮೇಷ್ಟ್ರು · ಭಾನುವಾರ ರಾತ್ರಿ

ಇದೆ, ಜಾಸ್ತಿಯೇ ಇದೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಲೋಹಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಬುಡದಿಂದ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಸ್ಟೇನ್‌ಲೆಸ್ ಸ್ಟೀಲ್ ಅಂದರೆ ತುಕ್ಕು ಹಿಡಿಯದ ಲೋಹ ಅಂತ ತಿಳಿದುಕೊಂಡಿದ್ದೇವೆ. ಅದರ ಮುಕ್ಕಾಲು ಭಾಗ ಕಬ್ಬಿಣವೇ. ಅದಕ್ಕೆ ಕಡಿಮೆ ಅಂದರೂ ನೂರಕ್ಕೆ 10.5 ಪಾಲು ಕ್ರೋಮಿಯಂ ಬೆರೆಸಿದಾಗ ಒಂದು ಗುಣ ಬರುತ್ತದೆ. ಮೇಲ್ಮೈಯ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಹಳ ತೆಳು ಪೊರೆಯಾಗುತ್ತದೆ. ಎಷ್ಟು ತೆಳು ಅಂದರೆ ಕೆಲವೇ ನ್ಯಾನೋಮೀಟರ್. ಗೀರಿದರೂ ಗಾಳಿ ತಾಗಿದರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಬಣ್ಣ ಬಳಿಯುವುದು ಬೇಡ ಅನ್ನುವುದು ಇದಕ್ಕೇ.

ಈ ಪೊರೆಗೆ ದೊಡ್ಡ ಶತ್ರು ಕ್ಲೋರೈಡ್. ಅಡುಗೆ ಉಪ್ಪಿನಲ್ಲಿ, ಸಮುದ್ರದ ಗಾಳಿಯಲ್ಲಿ, ಬ್ಲೀಚಿಂಗ್ ಪೌಡರಿನಲ್ಲಿ, ನೀವು ಸುರಿದ ಟೈಲ್ಸ್ ಆಸಿಡ್‌ನಲ್ಲಿ ಇರುವುದು ಅದೇ. ಆ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ಅದರ ಹೊಗೆ ತಾಗಿದರೂ ಸಾಕು, ಪೊರೆ ಹರಿಯುತ್ತದೆ. ಕ್ಲೋರೈಡ್ ಪೊರೆಯನ್ನು ಪೂರ್ತಿ ಕೀಳುವುದಿಲ್ಲ, ಸೂಜಿ ಚುಚ್ಚಿದ ಹಾಗೆ ಅಲ್ಲಲ್ಲಿ ತೂತು ಮಾಡುತ್ತದೆ. ತೂತಿನ ಒಳಗೆ ಆಮ್ಲಜನಕ ಸಾಲದೆ ಪೊರೆ ಮತ್ತೆ ಕೂಡುವುದಿಲ್ಲ. ಹೊರಗೆ ಸಾಸಿವೆ ಕಾಳಿನಷ್ಟು ಕಲೆ ಕಂಡರೂ ಒಳಗೆ ಗುಳಿ ಆಳವಾಗಿರಬಹುದು.

ಈಗ ನಂಬರಿಗೆ ಬರೋಣ. 304ರಲ್ಲಿ ಕ್ರೋಮಿಯಂ 18ರ ಆಸುಪಾಸು, ನಿಕ್ಕಲ್ 8. ಪಾತ್ರೆಯ ತಳದಲ್ಲಿ 18/8 ಅಂತ ಕೆತ್ತಿರುತ್ತಾರಲ್ಲ, ಅದು ಇದೇ. ನಿಕ್ಕಲ್ ಸೇರಿದರೆ ಉಕ್ಕಿನ ಒಳಗಿನ ಕಟ್ಟೇ ಬದಲಾಗುತ್ತದೆ. ಮೆದುವಾಗಿ ಬಾಗುತ್ತದೆ, ಆಯಸ್ಕಾಂತಕ್ಕೆ ಸಿಗುವುದಿಲ್ಲ. ಆದರೆ ನಿಕ್ಕಲ್ ದುಬಾರಿ. ಅದಕ್ಕೆ 200ರ ಸಾಲಿನಲ್ಲಿ ನಿಕ್ಕಲ್ ಇಳಿಸಿ, ಮ್ಯಾಂಗನೀಸ್ ಮತ್ತು ಸಾರಜನಕ ಹಾಕಿ ಅದೇ ಕಟ್ಟು ಉಳಿಸಿಕೊಳ್ಳುತ್ತಾರೆ. 202ರಲ್ಲಿ ನಿಕ್ಕಲ್ 4ರಿಂದ 6, ಮ್ಯಾಂಗನೀಸ್ 7.5ರಿಂದ 10. ಜೆ4ನಲ್ಲಿ ನಿಕ್ಕಲ್ ಸುಮಾರು 1 ಪಾಲು ಮಾತ್ರ, ಕ್ರೋಮಿಯಂ ಕೂಡ ಕಡಿಮೆ. ಕಟ್ಟು ಅದೇ ಆದ್ದರಿಂದ ಆಯಸ್ಕಾಂತ ಅಂಟುವುದಿಲ್ಲ. ತಡೆಯುವ ಶಕ್ತಿ ಮಾತ್ರ 304ರಷ್ಟು ಇಲ್ಲ.

316ರಲ್ಲಿ ನಿಕ್ಕಲ್ 10ಕ್ಕಿಂತ ಜಾಸ್ತಿ, ಜೊತೆಗೆ 2ರಿಂದ 3 ಪಾಲು ಮಾಲಿಬ್ಡಿನಂ. ಈ ಚೂರು ಮಾಲಿಬ್ಡಿನಂ ಕ್ಲೋರೈಡ್ ಎದುರು ಪೊರೆಗೆ ಬಲ ಕೊಡುತ್ತದೆ. ನಿಮ್ಮ ಊರಿಗೆ ಬೇಕಾಗಿದ್ದದ್ದು ಇದು.

ಅಡುಗೆಮನೆಯಿಂದ · ಸೋಮವಾರ ಬೆಳಿಗ್ಗೆ

ಮೇಷ್ಟ್ರೇ, ನೀವು ಹೇಳಿದ ಸೂಜಿ ತೂತು ನಮ್ಮ ಮನೆಯ ಉಪ್ಪಿನ ಡಬ್ಬಿಯಲ್ಲಿ ಇದೆ! ಮದುವೆಯಲ್ಲಿ ಬಂದ ಸ್ಟೀಲ್ ಡಬ್ಬಿ. ಕಲ್ಲುಪ್ಪು ಹಾಕಿಟ್ಟಿದ್ದೆ. ಮಳೆಗಾಲ ಕಳೆದು ಖಾಲಿ ಮಾಡಿದರೆ ತಳದಲ್ಲಿ ಕಪ್ಪು ಚುಕ್ಕಿ, ಬೆಳಕಿಗೆ ಹಿಡಿದರೆ ಎರಡು ಕಡೆ ಬೆಳಕು ತೂರುತ್ತಿತ್ತು. ಅತ್ತೆ ಮೊದಲೇ ಹೇಳಿದ್ದರು, "ಉಪ್ಪಿಗೂ ಉಪ್ಪಿನಕಾಯಿಗೂ ಜಾಡಿನೇ ಸರಿ" ಅಂತ. ಈಗ ಕಾರಣ ಗೊತ್ತಾಯಿತು.

ನನ್ನ ಪ್ರಶ್ನೆ. ಹೊಸ ಕುಕ್ಕರಿಗೆ ಆಯಸ್ಕಾಂತ ಅಂಟುತ್ತದೆ. ಹಾಗಾದರೆ ಅದು ಕಳಪೆಯಾ? ವಾಪಸ್ ಕೊಡಲಾ?

ಲ್ಯಾಬ್ ಮೇಷ್ಟ್ರು · ಸೋಮವಾರ ಬೆಳಿಗ್ಗೆ

ವಾಪಸ್ ಕೊಡಬೇಡಿ ತಾಯಿ. ಇಂಡಕ್ಷನ್ ಒಲೆಗೆ ಆಗುವ ಪಾತ್ರೆಯ ತಳಕ್ಕೆ ಆಯಸ್ಕಾಂತ ಅಂಟಲೇಬೇಕು. ಅದಕ್ಕೆ ಹೊರಗೆ 430 ಹಾಕಿರುತ್ತಾರೆ. ಅದರಲ್ಲಿ ಕ್ರೋಮಿಯಂ 16ರಿಂದ 18, ನಿಕ್ಕಲ್ ಇಲ್ಲ. ಟ್ರೈಪ್ಲೈ ಅನ್ನುವ ಮೂರು ಪದರದ ಪಾತ್ರೆಯಲ್ಲಿ ಸಾಮಾನ್ಯವಾಗಿ ಊಟ ತಾಗುವ ಒಳಪದರ 304, ನಡುವೆ ಅಲ್ಯೂಮಿನಿಯಂ, ಹೊರಗೆ 430. ಸ್ಟೀಲ್ ಶಾಖವನ್ನು ಬೇಗ ಹರಡುವುದಿಲ್ಲ. ಉರಿ ಬಿದ್ದ ಜಾಗದಲ್ಲೇ ಅನ್ನ ತಳ ಹಿಡಿಯುವುದು ಇದಕ್ಕೇ. ನಡುವಿನ ಅಲ್ಯೂಮಿನಿಯಂ ಆ ಶಾಖವನ್ನು ಹಂಚುತ್ತದೆ.

ನಿಮ್ಮ ಪರ್ಸಿನಲ್ಲೂ ಈ ಜಾತಿಯ ಸ್ಟೀಲ್ ಇದೆ. ಹೊಳೆಯುವ ಒಂದು ರೂಪಾಯಿ ನಾಣ್ಯಕ್ಕೆ ಆಯಸ್ಕಾಂತ ಹಿಡಿಯಿರಿ, ಟಕ್ ಅಂತ ಹತ್ತುತ್ತದೆ. ನೂರಕ್ಕೆ 83 ಕಬ್ಬಿಣ, 17 ಕ್ರೋಮಿಯಂ. ಎಷ್ಟು ಕೈ ಬದಲಾದರೂ, ಬೆವರು ತಾಗಿದರೂ ಅದಕ್ಕೆ ತುಕ್ಕು ಕಾಣುವುದಿಲ್ಲ, ಅಲ್ವಾ? ಆಯಸ್ಕಾಂತಕ್ಕೆ ಅಂಟುವುದು ಕಳಪೆಯ ಗುರುತಲ್ಲ.

ಇನ್ನೂ ಒಂದು. ಅಸಲಿ 304 ಕೂಡ ಕೆಲವೊಮ್ಮೆ ಸ್ವಲ್ಪ ಅಂಟುತ್ತದೆ. ತಣ್ಣಗಿರುವಾಗಲೇ ಒತ್ತಿ ಬಾಗಿಸಿದ ಕಡೆ, ಅಂದರೆ ಸಿಂಕಿನ ಮೂಲೆ, ಡಬ್ಬಿಯ ಅಂಚು, ಒಳಗಿನ ಕಟ್ಟು ಬದಲಾಗಿ ಹಾಗೆ ಆಗುತ್ತದೆ. ನಮ್ಮ ಮನೆ ಸಿಂಕಿನ ನಡುವೆ ಅಂಟದ ಆಯಸ್ಕಾಂತ ಮೂಲೆಯಲ್ಲಿ ಮೆಲ್ಲಗೆ ಎಳೆಯುತ್ತದೆ.

ಅಡುಗೆಮನೆಯಿಂದ · ಸೋಮವಾರ ಮಧ್ಯಾಹ್ನ

ಓಡಿ ಹೋಗಿ ನೋಡಿದೆ, ನಮ್ಮ ಸಿಂಕೂ ಹಾಗೇ! ಇನ್ನೊಂದೇ ಒಂದು. ಪಾತ್ರೆಯ ಒಳಗೆ ಕಾಮನಬಿಲ್ಲಿನ ಬಣ್ಣ ಬರುತ್ತದೆ, ಬಿಳಿ ಕಲೆ ಬರುತ್ತದೆ. ಅದೂ ತುಕ್ಕಾ? ಮತ್ತೆ 202 ಪಾತ್ರೆಯಲ್ಲಿ ಅಡುಗೆ ಮಾಡಿದರೆ ವಿಷ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಲ್ಯಾಬ್ ಮೇಷ್ಟ್ರು · ಸೋಮವಾರ ಸಂಜೆ

ಎರಡೂ ತುಕ್ಕಲ್ಲ. ಕಾಮನಬಿಲ್ಲು ಪಾತ್ರೆ ಜಾಸ್ತಿ ಕಾದಾಗ ಪೊರೆ ದಪ್ಪವಾಗಿ ಬರುವ ಬಣ್ಣ. ಬಿಳಿ ಕಲೆ ಬೋರ್ ನೀರಿನ ಸುಣ್ಣದ ಅಂಶ. ಹುಣಸೆಹಣ್ಣಿನ ಸಿಪ್ಪೆಯಲ್ಲೋ ನಿಂಬೆ ಹೋಳಿನಲ್ಲೋ ಉಜ್ಜಿದರೆ ಹೋಗುತ್ತದೆ. ಕಬ್ಬಿಣದ ನಾರಿನಲ್ಲಿ ಉಜ್ಜಬೇಡಿ. ಅದರ ಚೂರು ಪಾತ್ರೆಗೆ ಅಂಟಿ ತಾನು ತುಕ್ಕು ಹಿಡಿಯುತ್ತದೆ, ಕೆಟ್ಟ ಹೆಸರು ಪಾತ್ರೆಗೆ. ಉಪ್ಪನ್ನು ತಣ್ಣೀರಿಗೆ ಹಾಕಿ ಸುಮ್ನೆ ಬಿಡಬೇಡಿ. ಅದು ಕರಗದೆ ತಳದಲ್ಲಿ ಕೂತು ಅಲ್ಲೇ ಚುಚ್ಚುತ್ತದೆ. ನೀರು ಕುದಿ ಬಂದ ಮೇಲೆ ಹಾಕಿ ಕಲಕಿ.

202 ವಿಷ ಅನ್ನುವುದು ಸರಿಯಲ್ಲ. ಒಣ ಪದಾರ್ಥದ ಡಬ್ಬಿ, ತಟ್ಟೆ, ಲೋಟಕ್ಕೆ ನಡೆಯುತ್ತದೆ. ಹುಳಿ, ಉಪ್ಪು ಹಾಕಿ ದಿನಾ ಗಂಟೆಗಟ್ಟಲೆ ಬೇಯಿಸುವ ಪಾತ್ರೆಗೆ ನಾನು 304 ಬಿಟ್ಟು ಬೇರೆ ತರುವುದಿಲ್ಲ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಸ್ಟೀಲ್ ಅಡುಗೆ ಪಾತ್ರೆಗೆ ಐಎಸ್ 14756 ಅನ್ನುವ ಮಾನದಂಡ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆ ಗುರುತನ್ನು ಕಡ್ಡಾಯ ಮಾಡಿ ಆದೇಶ ಹೊರಡಿಸಿತು.

ಹಾಸನದ ಹೈನು · ಸೋಮವಾರ ರಾತ್ರಿ

ಹಾಲಿನ ಕಡೆಯಿಂದ ನಾನೂ ಒಂದು ಮಾತು ಸೇರಿಸುತ್ತೇನೆ. ಹಾಲು ತಣಿಸುವ ಟ್ಯಾಂಕ್, ಪೈಪ್ ಎಲ್ಲ ನಮ್ಮಲ್ಲಿ 304. ದಿನಾ ಮೊದಲು ಕಾಸ್ಟಿಕ್ ಸೋಡಾ ಓಡಿಸಿ, ತೊಳೆದು, ಆಮೇಲೆ ತೆಳು ನೈಟ್ರಿಕ್ ಆಸಿಡ್ ಓಡಿಸುತ್ತೇವೆ. ವರ್ಷಗಟ್ಟಲೆ ಮಾಡಿದರೂ ಟ್ಯಾಂಕ್ ಬೆಳ್ಳಗೆ ಹೊಳೆಯುತ್ತದೆ. ಆದರೆ ಒಮ್ಮೆ ಹೊಸ ಹುಡುಗ ಕ್ಲೋರಿನ್ ನೀರು ತುಂಬಿಸಿ ರಾತ್ರಿಯಿಡೀ ಬಿಟ್ಟುಹೋಗಿದ್ದ. ಕೆಲವೇ ದಿನದಲ್ಲಿ ತಳದ ವೆಲ್ಡಿಂಗ್ ಪಕ್ಕ ಚುಕ್ಕಿ ಶುರುವಾಯಿತು. ಆಸಿಡ್ ತಡೆದದ್ದು ಕ್ಲೋರಿನ್‌ಗೆ ಸೋತಿತು!

ಲ್ಯಾಬ್ ಮೇಷ್ಟ್ರು · ಸೋಮವಾರ ರಾತ್ರಿ

ಬಹಳ ಒಳ್ಳೆ ಉದಾಹರಣೆ. ನೈಟ್ರಿಕ್ ಆಸಿಡ್ ಪೊರೆಯನ್ನು ಬೆಳೆಸುತ್ತದೆ. ಹೈಡ್ರೋಕ್ಲೋರಿಕ್ ಅದನ್ನು ಹರಿದುಹಾಕುತ್ತದೆ. ಎರಡನ್ನೂ ಆಸಿಡ್ ಅಂತಲೇ ಕರೆಯುತ್ತೇವೆ, ತೊಂದರೆ ಬರುವುದು ಅಲ್ಲಿ.

ವೆಲ್ಡಿಂಗ್ ಪಕ್ಕವೇ ಯಾಕೆ ಅನ್ನುವುದಕ್ಕೂ ಕಾರಣ ಇದೆ. 450ರಿಂದ 850 ಡಿಗ್ರಿ ಶಾಖದಲ್ಲಿ ಜಾಸ್ತಿ ಹೊತ್ತು ಇದ್ದರೆ ಉಕ್ಕಿನೊಳಗಿನ ಇಂಗಾಲ ಕ್ರೋಮಿಯಂ ಅನ್ನು ಹಿಡಿದುಕೊಂಡು ಹರಳುಗಳ ಅಂಚಿನಲ್ಲಿ ಕೂರುತ್ತದೆ. ಸುತ್ತಲಿನ ಜಾಗದಲ್ಲಿ ಕ್ರೋಮಿಯಂ ಬರಿದಾಗುತ್ತದೆ, ಪೊರೆ ಕಟ್ಟುವುದಿಲ್ಲ. ಅದಕ್ಕಾಗಿ ಇಂಗಾಲ 0.03ಕ್ಕಿಂತ ಕಡಿಮೆ ಇಟ್ಟು ಮಾಡಿದ್ದು 304ಎಲ್, 316ಎಲ್. ದಪ್ಪ ತಗಡಿನ ವೆಲ್ಡಿಂಗ್ ಇದ್ದರೆ ಈ ಎಲ್ ಕೇಳಿ ತರಬೇಕು.

ಪೀಣ್ಯದ ವೆಲ್ಡರ್ · ಮಂಗಳವಾರ

ತೆಳು ರೇಲಿಂಗ್ ಪೈಪಿಗೆ ಮೇಷ್ಟ್ರು ಹೇಳಿದ ಇಂಗಾಲದ ತೊಂದರೆ ಕಡಿಮೆ. ನಾನು ಸೈಟಿನಲ್ಲಿ ನೋಡಿರುವ ತಪ್ಪುಗಳು ಬೇರೆ. ಕಬ್ಬಿಣದ ಗೇಟ್ ಕತ್ತರಿಸಿದ ಅದೇ ಗ್ರೈಂಡಿಂಗ್ ಚಕ್ರವನ್ನು ಸ್ಟೀಲಿಗೆ ಹಾಕುತ್ತಾರೆ. ಪಕ್ಕದಲ್ಲೇ ಕಬ್ಬಿಣ ಕುಯ್ಯುತ್ತಾರೆ, ಕಿಡಿ ಹಾರಿ ರೇಲಿಂಗ್ ಮೇಲೆ ಕೂರುತ್ತದೆ. ಆ ಕಬ್ಬಿಣದ ಪುಡಿಯೇ ಮೊದಲು ತುಕ್ಕು ಹಿಡಿಯುವುದು. ವೆಲ್ಡಿಂಗ್ ಆದಮೇಲೆ ಬರುವ ನೀಲಿ, ಕಂದು ಬಣ್ಣವನ್ನು ಪೂರ್ತಿ ತೆಗೆಯದೆ ಮೇಲೆ ಮೇಲೆ ಬಫ್ ಮಾಡಿ ಹೋಗುತ್ತಾರೆ. ಅಲ್ಲಿ ಪೊರೆ ಸರಿಯಾಗಿ ಇರಲ್ಲ.

ಇನ್ನು ಕಂಬದ ಬುಡದ ಕಪ್. ನೆಲದ ಬೋಲ್ಟ್ ಮುಚ್ಚಲು ಬಟ್ಟಲಿನ ಹಾಗೆ ಒಂದು ಕವರ್ ಇಳಿಸಿರುತ್ತಾರೆ. ನೋಡೋಕೆ ಚಂದ. ಒಳಗೆ ನೀರು, ಉಪ್ಪು, ಸಿಮೆಂಟ್ ಪುಡಿ ನಿಂತು ಅಲ್ಲಿಂದಲೇ ಕೊಳೆಯುತ್ತದೆ. ನಿಮ್ಮದು ಎತ್ತಿ ನೋಡಿ.

ಫಿಲ್ಲರ್ ರಾಡ್, ಅಂದರೆ ಬೆಸೆಯುವಾಗ ಕರಗಿಸಿ ತುಂಬುವ ಕಡ್ಡಿ, ಅದನ್ನೂ ಕೇಳಿ. 304ಕ್ಕೆ 308ಎಲ್, 316ಕ್ಕೆ 316ಎಲ್. 316 ಪೈಪ್ ತಂದು 308ರಲ್ಲಿ ಬೆಸೆದರೆ ಬೆಸುಗೆಯಲ್ಲಿ ಮಾಲಿಬ್ಡಿನಂ ಇರಲ್ಲ, ಅಲ್ಲಿಂದಲೇ ಶುರು.

ಮಸ್ಕತ್‌ನಿಂದ · ಮಂಗಳವಾರ ರಾತ್ರಿ

ನಾನು ಇಲ್ಲಿ ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ಊರು ಕಾರವಾರ. ಒಂದು ವಿಷಯ ಹೇಳಲೇಬೇಕು, 316 ಹಾಕಿದರೆ ಜನ್ಮಕ್ಕೆ ಸಾಕು ಅಂದುಕೊಳ್ಳಬೇಡಿ. ಗಾಳಿಯ ಉಪ್ಪಿಗೆ 316 ಸರಿ. ಸಮುದ್ರದ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಅದೂ ಸಾಲದು.

ಯಾವ ಸ್ಟೀಲ್ ಕ್ಲೋರೈಡ್ ತೂತನ್ನು ಎಷ್ಟು ತಡೆಯುತ್ತದೆ ಅಂತ ತಿಳಿಯಲು ನಾವು ಒಂದು ಲೆಕ್ಕ ಇಟ್ಟುಕೊಳ್ಳುತ್ತೇವೆ. ಅಂಕಿ ಜಾಸ್ತಿ ಬಂದಷ್ಟೂ ಒಳ್ಳೆಯದು. ಕ್ರೋಮಿಯಂ ಎಷ್ಟೋ ಅಷ್ಟು, ಅದಕ್ಕೆ ಮಾಲಿಬ್ಡಿನಂನ 3.3 ಪಟ್ಟು, ಸಾರಜನಕದ 16 ಪಟ್ಟು ಕೂಡಿಸಬೇಕು. 304ಕ್ಕೆ ಸುಮಾರು 19 ಬರುತ್ತದೆ, 316ಕ್ಕೆ 24ರ ಆಸುಪಾಸು, 2205 ಅನ್ನುವ ಡ್ಯೂಪ್ಲೆಕ್ಸ್‌ಗೆ (ಎರಡು ಬಗೆಯ ಕಟ್ಟು ಬೆರೆತ ಸ್ಟೀಲ್) 35. ಸಮುದ್ರದ ನೀರಿನ ಪಂಪು, ಪೈಪಿಗೆ 40 ದಾಟಿದ್ದು ಬೇಕು. ಅದಕ್ಕೆ 2507 ಅನ್ನುವ ಸೂಪರ್ ಡ್ಯೂಪ್ಲೆಕ್ಸ್ ಹಾಕುತ್ತೇವೆ, ಅದರಲ್ಲಿ ಕ್ರೋಮಿಯಂ 25, ಮಾಲಿಬ್ಡಿನಂ 4. ಮನೆಗೆ ಇದು ಬೇಡವೇ ಬೇಡ. ಆದರೆ 316 ಹಾಕಿದ ಮೇಲೂ ಸಿಹಿನೀರಿನಲ್ಲಿ ತೊಳೆಯುತ್ತಿರಿ. ಗೀರು ಗೀರಾದ ಮ್ಯಾಟ್ ಫಿನಿಶ್ ಬದಲು ನುಣ್ಣಗಿರುವುದನ್ನು ಆರಿಸಿ. ಉಪ್ಪು ಕೂರುವುದು ಆ ಗೀರಿನಲ್ಲೇ.

ಹಾಸನದ ಹೈನು · ಬುಧವಾರ

ಬೆಂಗಳೂರಿನ ತಂಗಿ ಮನೆಯ ಸೋಲಾರ್ ವಾಟರ್ ಹೀಟರ್ ಟ್ಯಾಂಕ್ ನಾಲ್ಕು ವರ್ಷಕ್ಕೆ ಸೋರಿತು. 304 ಅಂತ ಬರೆದಿತ್ತು. ಅಲ್ಲಿ ಸಮುದ್ರ ಎಲ್ಲಿದೆ?

ಲ್ಯಾಬ್ ಮೇಷ್ಟ್ರು · ಬುಧವಾರ

ಸಮುದ್ರ ಇಲ್ಲ, ಬೋರ್‌ವೆಲ್ ಇದೆ. ಕುಡಿಯುವ ನೀರಿನಲ್ಲೇ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇರಬಹುದು ಅನ್ನುತ್ತದೆ ನಮ್ಮ ಮಾನದಂಡ. ತಣ್ಣೀರಿನಲ್ಲಿ 304ಕ್ಕೆ ಸುಮಾರು 200ರವರೆಗೆ ಭಯವಿಲ್ಲ ಅನ್ನುವುದು ರೂಢಿಯ ಲೆಕ್ಕ. ನೀರು 60 ಡಿಗ್ರಿ ದಾಟಿದರೆ ಇನ್ನೊಂದು ತೊಂದರೆ ಬರುತ್ತದೆ. ಬಾಗಿಸಿದ, ಬೆಸೆದ ಕಡೆ ಲೋಹ ಒಳಗೇ ಬಿಗಿದುಕೊಂಡಿರುತ್ತದೆ. ಬಿಸಿ ಮತ್ತು ಕ್ಲೋರೈಡ್ ಸೇರಿದರೆ ಅಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅದಕ್ಕೆ 316ಎಲ್ ಸ್ವಲ್ಪ ಮೇಲು. 444 ಅನ್ನುವ, ನಿಕ್ಕಲ್ ಇಲ್ಲದ, ಆಯಸ್ಕಾಂತಕ್ಕೆ ಅಂಟುವ ದರ್ಜೆ ಆ ಬಿರುಕನ್ನು ಚೆನ್ನಾಗಿ ತಡೆಯುತ್ತದೆ. ಬಿಸಿನೀರಿನ ಟ್ಯಾಂಕ್ ಕೊಳ್ಳುವ ಮೊದಲು ಮನೆಯ ಬೋರ್ ನೀರನ್ನು ಪರೀಕ್ಷೆ ಮಾಡಿಸಿ.

ಅಡುಗೆಮನೆಯಿಂದ · ಗುರುವಾರ

304 ಇಷ್ಟು ಒಳ್ಳೆಯದಾದರೆ ಚಾಕುಗೂ ಅದೇ ಹಾಕಬಹುದಲ್ಲ? ಒಂದು ಚಾಕುವಿಗೆ ಆಯಸ್ಕಾಂತ ಅಂಟುತ್ತದೆ, ಧಾರ ಚೆನ್ನಾಗಿದೆ, ಆದರೆ ರಾತ್ರಿ ಸಿಂಕಿನಲ್ಲಿ ಬಿಟ್ಟರೆ ಬೆಳಿಗ್ಗೆ ಚುಕ್ಕಿ.

ಲ್ಯಾಬ್ ಮೇಷ್ಟ್ರು · ಗುರುವಾರ

304 ಅನ್ನು ಕಾಯಿಸಿ ಅದ್ದಿದರೆ ಗಟ್ಟಿಯಾಗುವುದಿಲ್ಲ, ಧಾರ ನಿಲ್ಲುವುದಿಲ್ಲ. ಚಾಕುಗೆ 420 ಬೇಕು, ಇನ್ನೂ ಒಳ್ಳೆಯದಕ್ಕೆ 440ಸಿ. ಇವುಗಳಲ್ಲಿ ಇಂಗಾಲ ಜಾಸ್ತಿ. ಕಬ್ಬಿಣದ ಈಳಿಗೆಮಣೆಯ ಅಲಗಿನ ಹಾಗೆ ಹದ ಹಾಕಬಹುದು. ಆದರೆ 420ರಲ್ಲಿ ಕ್ರೋಮಿಯಂ 12ರಿಂದ 14 ಮಾತ್ರ, ಸಾಂಬಾರಿನ ಉಪ್ಪಿನಲ್ಲಿ ರಾತ್ರಿಯಿಡೀ ಬಿದ್ದರೆ ಚುಕ್ಕಿ ಬರುತ್ತದೆ. ತೊಳೆದು ಒರೆಸಿಡಿ.

ಸ್ಟೇನ್‌ಲೆಸ್ ಕಥೆಯಲ್ಲೂ ಚಾಕು ಮೊದಲೇ ಬಂದಿತ್ತು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದಿರಲಿ ಅಂತ ಉಕ್ಕು ಹುಡುಕುತ್ತಿದ್ದರು. 12.8 ಪಾಲು ಕ್ರೋಮಿಯಂ ಇದ್ದ ಒಂದು ಉಕ್ಕು ಆಸಿಡ್‌ಗೆ ಜಗ್ಗಲಿಲ್ಲ. ಶೆಫೀಲ್ಡ್ ಚಾಕು, ಕತ್ತರಿಯ ಊರು. ಅಲ್ಲಿನ ಚಾಕು ಮಾಡುವವರಿಗೇ ಅವರು ಅದನ್ನು ಕೊಟ್ಟು ನೋಡಿದರು. ಅದು ಈಗಿನ 420ರ ಹತ್ತಿರದ ಸಂಬಂಧಿ. ನಮ್ಮ ಪಾತ್ರೆಯ 18/8 ಬಂದಿದ್ದು ಅದಾದ ಮೇಲೆ.

ಕಡಲತಡಿ ಮನೆ · ಎರಡು ವಾರದ ನಂತರ

ಎಲ್ಲರಿಗೂ ಹೃದಯದಿಂದ ಥ್ಯಾಂಕ್ಸ್. ಲಿಕ್ವಿಡ್ ತರಿಸಿ ಅಪ್ಪನೂ ನಾನೂ ಟೆಸ್ಟ್ ಮಾಡಿದೆವು. ಬಾಲ್ಕನಿಯ ನಿಂತ ಕಂಬಕ್ಕೆ ಹನಿ ಹಾಕಿದೆ, ಬಣ್ಣ ಬರಲಿಲ್ಲ. ಮೇಲೆ ಕೈ ಹಿಡಿಯುವ ಅಡ್ಡ ಪೈಪಿಗೆ ಹಾಕಿದೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಕುಂಕುಮ ಕದಡಿದ ಹಾಗೆ ಕೆಂಪಾಯಿತು. ಅಪ್ಪ ಮಾತಾಡಲಿಲ್ಲ. ಇನ್ನೊಂದು ಕಡೆ ಹಾಕು ಅಂದರು. ಅಲ್ಲೂ ಕೆಂಪು. ಅಂದರೆ ಕಂಬ 304 ಇರಬಹುದು, ಅಡ್ಡ ಪೈಪೆಲ್ಲ 200ರ ಸಾಲಿನದು. ಬುಡದ ಕಪ್ ಎತ್ತಿದರೆ ಒಳಗೆ ಒದ್ದೆ ಸಿಮೆಂಟ್ ಪುಡಿ, ಸುತ್ತ ಕಂದು ಉಂಗುರ.

ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. "ಬಿಲ್ಲಿನಲ್ಲಿ 304 ಅಂತ ಎಲ್ಲಿದೆ ಮಾರಾಯ್ರೆ?" ಅಂದರು. ಇಲ್ಲ, ನಿಜ. ಅದು ತುಂಬಾ ನೋವಾಯಿತು.

ಪೀಣ್ಯದ ಅಣ್ಣ, ಈಗ ಏನು ಮಾಡಲಿ? ಎಲ್ಲಾ ಕಿತ್ತು ಹಾಕುವಷ್ಟು ದುಡ್ಡಿಲ್ಲ.

ಪೀಣ್ಯದ ವೆಲ್ಡರ್ · ಅದೇ ದಿನ ರಾತ್ರಿ

ಎಲ್ಲಾ ಕೀಳೋದು ಬೇಡ. ಕಂಬ ಉಳಿಸಿಕೊಳ್ಳಿ. ಸಿಟ್ರಿಕ್ ಆಸಿಡ್ ಇರುವ ಸ್ಟೀಲ್ ಕ್ಲೀನರ್ ಹಚ್ಚಿ, ಉಜ್ಜಿ, ನೀರು ಹೊಯ್ದು ತೊಳೆಯಿರಿ. ವೆಲ್ಡಿಂಗ್ ಕಲೆ ತೆಗೆಯುವ ಪಿಕ್ಲಿಂಗ್ ಪೇಸ್ಟ್ ಅಂತ ಯಾರಾದರೂ ಹೇಳಿದರೆ ಮನೆಯಲ್ಲಿ ನೀವು ಮುಟ್ಟಬೇಡಿ. ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಚರ್ಮದ ಮೂಲಕ ಇಳಿದು ಮೂಳೆವರೆಗೂ ಹೋಗುತ್ತದೆ. ಕಪ್ ತೆಗೆದುಹಾಕಿ, ಬೋಲ್ಟ್ ಕಾಣಲಿ ಬಿಡಿ.

ಅಡ್ಡ ಪೈಪ್ ಬದಲಿಸಿ, ಬಾಲ್ಕನಿಯದು ಮಾತ್ರ 316. ಮೆಟ್ಟಿಲಿನದು ಮಳೆಗೆ ತೊಳೆಯುತ್ತದೆ, ಸದ್ಯ ಇರಲಿ. ಬೇಸಿಗೆಯಲ್ಲಿ ಅದಕ್ಕೂ ಬಕೆಟ್ ನೀರು ಹಾಕಿ. ಬಿಲ್ಲಿನಲ್ಲಿ ದರ್ಜೆ, ಪೈಪಿನ ದಪ್ಪ, ಫಿಲ್ಲರ್ ಮೂರನ್ನೂ ಬರೆಸಿ. ಪೈಪ್ ಇಳಿಸಿದ ತಕ್ಷಣ, ಕಟ್ ಮಾಡುವ ಮೊದಲು ಹನಿ ಹಾಕಿ ನೋಡಿ. ಅವರ ಎದುರಿಗೇ ಹಾಕಿ.

ಕಡಲತಡಿ ಮನೆ · ಒಂದು ತಿಂಗಳ ನಂತರ

ಕೆಲಸ ಮುಗಿಯಿತು. ಈ ಸಲ ಬೇರೆಯವರು. ಬಿಲ್ಲಿನಲ್ಲಿ "ಎಸ್‌ಎಸ್ 316, 2 ಇಂಚು, 1.5 ಎಂಎಂ, ಫಿಲ್ಲರ್ 316ಎಲ್" ಅಂತ ಬರೆದುಕೊಟ್ಟಿದ್ದಾರೆ. ಪೈಪ್ ಆಟೋದಿಂದ ಇಳಿದ ಕೂಡಲೇ ಅಪ್ಪ ಬ್ಯಾಟರಿ ಹಿಡಿದು ಅಂಗಳಕ್ಕೆ ಬಂದರು. ಮೂರು ಪೈಪಿಗೂ ಹನಿ ಹಾಕಿದರು, ಕೆಂಪಾಗಲಿಲ್ಲ. ವೆಲ್ಡರ್ ಹುಡುಗನೇ ಖುಷಿಯಾಗಿ, ಮಾಲಿಬ್ಡಿನಂ ನೋಡುವ ಇನ್ನೊಂದು ಲಿಕ್ವಿಡ್ ತನ್ನ ಚೀಲದಿಂದ ತೆಗೆದು ಅದನ್ನೂ ತೋರಿಸಿದ. ಹೊಸ ಚಕ್ರ ಪ್ಯಾಕೆಟ್ ಒಡೆದು ಹಾಕಿದ.

ಅಮ್ಮ ಭಾನುವಾರ ಗಿಡಕ್ಕೆ ನೀರು ಬಿಡುವಾಗ ಪೈಪನ್ನು ರೇಲಿಂಗ್ ಕಡೆಗೂ ತಿರುಗಿಸುತ್ತಾರೆ, ಹಳೇ ಪಂಚೆಯಲ್ಲಿ ಒರೆಸುತ್ತಾರೆ. ಗೋಡೆ ಮೇಲಿನ ಕಂದು ಗೆರೆ ಹಾಗೇ ಇದೆ, ಮಳೆಗಾಲ ಕಳೆದ ಮೇಲೆ ಬಿಳಿ ಹೊಡೆಸಬೇಕು.